ಮನೆಯಲ್ಲಿರುವ ಒಬ್ಬರ ತೂಕ

ಮಾರ್ಚ್ 4

ಮೈದುನನಿಗೆ,

ಕೆಲಸ ಮುಗಿಯಿತು. ಉತ್ತರದ ಕೆಳಗೆ ನಿನ್ನೆ ಸಹಿ ಹಾಕಿದೆ. ಇನ್ನು ಅದರಲ್ಲಿ ಒಂದು ಚುಕ್ಕೆಯನ್ನೂ ನಾನು ತಿದ್ದುವಂತಿಲ್ಲ.

ನಿನಗೆ ಯಾವುದನ್ನೂ ನೆಟ್ಟಗೆ ನೆನಪಿಟ್ಟುಕೊಳ್ಳುವ ಅಭ್ಯಾಸವಿಲ್ಲ, ಆದ್ದರಿಂದ ಒಪ್ಪಂದವನ್ನು ಮತ್ತೆ ಬರೆಯುತ್ತೇನೆ. ಒಂದು ವಸ್ತು ಇನ್ನೊಂದನ್ನು ಎಷ್ಟು ಬಲದಿಂದ ಸೆಳೆಯುತ್ತದೆ ಎಂದು ಹನ್ನೊಂದು ವರ್ಷ ನನ್ನ ನೆಲಮಾಳಿಗೆಯಲ್ಲಿ ಅಳೆದೆ. ಅದಕ್ಕೆ ಬೇಕಾದ ಎರಡು ದೊಡ್ಡ ಹಿತ್ತಾಳೆ ಗುಂಡುಗಳನ್ನು ನಿನ್ನ ತೂಕ-ಅಳತೆ ಇಲಾಖೆಯ ಕಾರ್ಖಾನೆಯಲ್ಲಿ ನೀನೇ ಎರಕ ಹೊಯ್ಯಿಸಿ, ನೀನೇ ತೂಗಿ ಕೊಟ್ಟೆ. ಅಳೆಯುವವನು ತನಗೆ ಬೇಕಾದ ಉತ್ತರದ ಕಡೆಗೆ ತನಗೇ ತಿಳಿಯದಂತೆ ವಾಲುತ್ತಾನೆ. ನನಗೆ ಆ ಚಟ ತಗುಲಬಾರದೆಂದು ನಾನೇ ನಿನ್ನನ್ನು ಕೇಳಿಕೊಂಡೆ: ಗುಂಡಿನ ನಿಜವಾದ ತೂಕ ನನಗೆ ಹೇಳಬೇಡ, ಕೆಲವು ಗ್ರಾಂ ತಪ್ಪಿಸಿ ಹೇಳು, ಎಷ್ಟು ತಪ್ಪಿಸಿದೆ ಎಂಬುದನ್ನು ಎಲ್ಲೂ ಬರೆದಿಡಬೇಡ. ನಾನು ಉತ್ತರಕ್ಕೆ ಸಹಿ ಹಾಕಿದ ಮೇಲೆ ಹೇಳು.

ಸಹಿ ಹಾಕಿದ್ದೇನೆ. ಹೇಳು.

ಜೂನ್ ಕೊನೆಯಲ್ಲಿ ವಿಜ್ಞಾನ ಪರಿಷತ್ತಿನ ಸಭೆ. ಪದಕದ ಮಾತೂ ಇದೆ. ನಿನ್ನ ಸಂಖ್ಯೆ ನಿನ್ನ ಸಹಿಯೊಡನೆ ಅವರಿಗೆ ಮುಟ್ಟದಿದ್ದರೆ ನನ್ನ ಉತ್ತರ ತಲೆಯಿಲ್ಲದ ಮುಂಡ.

ನಿನ್ನ ಅಕ್ಕ ಹೋಗಿ ಆರು ತಿಂಗಳಾಯಿತು. ಅಂದಿನಿಂದ ನೀನು ಒಂದು ಸಾಲೂ ಬರೆದಿಲ್ಲ. ಕಾರಣ ತಿಳಿಯಲಿಲ್ಲ.

ನಿನ್ನ ಭಾವ


ಮಾರ್ಚ್ 11

ಭಾವದ ಅಭಾವವೇ ಸ್ವಭಾವವಾದ ನನ್ನ ಭಾವನವರಿಗೆ,

ನೋಡಿ, ಎಷ್ಟು ದಿನ ಆಗಿತ್ತು ಹೀಗೆ ನಿಮ್ಮನ್ನ ಕರೆದು! ಕೈ ತುರಿಸ್ತಾ ಇತ್ತು.

ನಿಮ್ಮ ಕಾಗದ ಬಂತು. ತೂಕದ ಮಾತುಗಳು. ಓದ್ತಾ ಓದ್ತಾ ತೂಕಡಿಸಿಬಿಟ್ಟೆ. ತಪ್ಪು ತಿಳೀಬೇಡಿ, ನಲವತ್ತು ವರ್ಷ ತೂಕ ಮಾಡಿದವನಿಗೆ ತೂಕಡಿಕೆ ಪಿಂಚಣಿ ಜೊತೆ ಬರುತ್ತೆ.

ಮೊದಲು ಒಂದು ಸುದ್ದಿ. ಅಳತೆ ಮುಗೀತು ಅಂತ ನೀವು ಚಳಿಗಾಲದಲ್ಲಿ ಲಾರಿ ಮೇಲೆ ವಾಪಸ್ ಕಳಿಸಿದಿರಲ್ಲ, ಆ ಎರಡು ಗುಂಡು? ನಾನು ನಿವೃತ್ತನಾಗೋ ದಿನ ಅವನ್ನ ಕರಗಿಸೋಕೆ ಹಾಕಿಸಿದೆ. ಈಗ ಅವು ನಲ್ಲಿಗಳಾಗಿವೆ. ಯಾರ ಮನೆ ಬಚ್ಚಲಲ್ಲಿ ಕೈ ತೊಳೆದರೂ ನಿಮ್ಮ ಹನ್ನೊಂದು ವರ್ಷ ತೊಟ್ಟಿಕ್ಕುತ್ತೆ. ಮತ್ತೆ ತೂಗಿ ನೋಡ್ಕೋತೀನಿ ಅಂತೇನಾದ್ರೂ ನಿಮ್ಮ ಮನಸ್ಸಲ್ಲಿ ಇದ್ದರೆ ಊರಿನ ನಲ್ಲಿಯನ್ನೆಲ್ಲ ಕಿತ್ತು ತೂಗಬೇಕು.

ಆದ್ದರಿಂದ ಆ ಸಂಖ್ಯೆ ಈಗ ಇರೋದು ಒಂದೇ ಕಡೆ, ಈ ಬೋಳು ತಲೆ ಒಳಗೆ. ಜೋಪಾನವಾಗಿದೆ. ಹೇಳ್ತೀನಿ. ಅಕ್ಕನ ಆಣೆ ಹೇಳ್ತೀನಿ.

ನಕ್ಕಿರಾ? ಇಲ್ಲ, ನೀವೆಲ್ಲಿ ನಗ್ತೀರಿ. ಅಕ್ಕನ ಆಣೆ ಹಾಕಿ ನಿಮಗೆ ಎಷ್ಟು ಸುಳ್ಳು ಹೇಳಿದ್ದೀನೋ ಲೆಕ್ಕ ಇಲ್ಲ. ಮದುವೆ ದಿನ ನಿಮ್ಮ ಕೋಟಿನ ಜೇಬಿಗೆಲ್ಲ ಸೀಸದ ಗುಂಡು ತುಂಬಿ, 'ಅಕ್ಕನ ಆಣೆ, ಇದು ನಮ್ಮ ಮನೆ ಪದ್ಧತಿ, ತೆಗೀಬಾರದು' ಅಂದೆ. ನೀವು ನಂಬಿ, ಇಡೀ ದಿನ ಆನೆ ಥರ ಹೆಜ್ಜೆ ಹಾಕಿದಿರಿ. ಜನ ಎಲ್ಲ 'ಅಳಿಯಂದಿರು ಎಷ್ಟು ಗಂಭೀರ' ಅಂದರು. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಗ್ತಾ ಇದ್ದಳು. ಆಮೇಲೆ ನಮ್ಮ ಮನೆಯಲ್ಲಿ ಅದೇ ಗಾದೆ ಆಗಿಹೋಯ್ತು: ತಮ್ಮ ಅಕ್ಕನ ಆಣೆ ಅಂದ ಅಂದರೆ ಉಲ್ಟಾ ಹಿಡಿ.

ನೀವು ಬರೆದ ಪ್ರಬಂಧ ಪೂರ್ತಿ ಕಳಿಸಿ. ಸಹಿ ಹಾಕೋ ಮುಂಚೆ ಏನಕ್ಕೆ ಸಹಿ ಹಾಕ್ತಿದ್ದೀನಿ ಅಂತ ಓದಬೇಕಲ್ಲ.

ಕಾರಣ ತಿಳಿಯಲಿಲ್ಲ ಅಂದಿದ್ದೀರಿ. ಪಾಪ.

ನಿಮ್ಮ ಹೆಂಡತಿಯ ಹಗುರವಾದ ತಮ್ಮ


ಮಾರ್ಚ್ 19

ಮೈದುನನಿಗೆ,

ಗುಂಡುಗಳನ್ನು ಕರಗಿಸಿದ್ದು ತಮಾಷೆಯ ವಿಷಯವಲ್ಲ. ಆದರೂ ಆದದ್ದಾಯಿತು.

ಪ್ರಬಂಧ ಇದರೊಡನೆ ಇದೆ. ನೀನು ಓದಬೇಕಾದ ಅಗತ್ಯವಿಲ್ಲ, ಓದಿದರೂ ಅಡ್ಡಿಯಿಲ್ಲ. ತಪ್ಪು ನುಸುಳಬಹುದಾದ ಒಂದೊಂದು ಸಂದನ್ನೂ ಮುಚ್ಚಿದ್ದೇನೆ. ತಂತಿ ಕೂದಲಿಗಿಂತ ಸಣ್ಣದು. ಅದರ ತುದಿಗೆ ಕಟ್ಟಿದ ಸಲಾಕೆ ಗುಂಡುಗಳ ಸೆಳೆತಕ್ಕೆ ಎಷ್ಟು ಕಡಿಮೆ ತಿರುಗುತ್ತದೆಂದರೆ, ಬೀದಿಯಲ್ಲಿ ಹಾಲಿನ ಗಾಡಿ ಹೋದರೆ ಸಲಾಕೆಯ ಕನ್ನಡಿಯಿಂದ ಗೋಡೆಯ ಮೇಲೆ ಬಿದ್ದ ಬೆಳಕಿನ ಚುಕ್ಕೆ ನಡುಗುತ್ತದೆ. ಹತ್ತಿರ ಬಂದ ಮನುಷ್ಯನ ಮೈಯೂ ಅದನ್ನು ಸೆಳೆಯುತ್ತದೆ. ಅದನ್ನೂ ಲೆಕ್ಕ ಹಿಡಿದಿದ್ದೇನೆ. ನನಗಿಂತ ಮೊದಲು ಅಳೆದವರು ಯಾರೂ ಅಷ್ಟು ದೂರ ಹೋಗಿಲ್ಲ. ಹದಿನೇಳನೆಯ ಪುಟ ನೋಡು.

ಸಂಖ್ಯೆ ಕಳಿಸು. ಪರಿಹಾಸ ಸಾಕು.

ಭಾವ


ಮಾರ್ಚ್ 30

ಭಾವ,

ಹದಿನೇಳನೇ ಪುಟ ನೋಡಿದೆ.

ಅದರಲ್ಲಿ ಹೀಗೆ ಒಂದು ಸಾಲಿದೆ: 'ಮಾಪನದ ವೇಳೆ ಮೇಲಂತಸ್ತಿನಲ್ಲಿ ಸ್ಥಿರವಾಗಿ ಕುಳಿತಿರುತ್ತಿದ್ದ, ಮನೆಯಲ್ಲಿರುವ ಒಬ್ಬರ ತೂಕವನ್ನು ಪ್ರತಿ ತಿಂಗಳೂ ಅಳೆದು, ಅದರಲ್ಲಿ ಕಂಡುಬಂದ ಇಳಿಕೆಗೆ ತಕ್ಕಂತೆ ಉತ್ತರವನ್ನು ಸರಿಪಡಿಸಲಾಗಿದೆ.'

ಮನೆಯಲ್ಲಿರುವ ಒಬ್ಬರು ಅಂದರೆ ನಮ್ಮ ಅಕ್ಕ ಅಲ್ಲವಾ?

ಎಷ್ಟು ಇಳಿಕೆ?

ಇವತ್ತು ತಮಾಷೆ ಇಲ್ಲ. ಇಷ್ಟು ಹೇಳಿ ಸಾಕು.

ತಮ್ಮ


ಏಪ್ರಿಲ್ 5

ಮೈದುನನಿಗೆ,

ಆ ಪುಟ ನಿನ್ನ ಗಮನಕ್ಕೆ ಬಂದದ್ದು ಸಂತೋಷ. ಪರಿಷತ್ತಿನ ಹಿರಿಯರೊಬ್ಬರೂ ಅದನ್ನೇ ಮೆಚ್ಚಿ ಬರೆದಿದ್ದಾರೆ.

ಹೌದು, ಅವಳೇ. ಮುಂಗೋಣೆಯ ನೆಲದ ಮೇಲೆ ಕುರ್ಚಿಯ ನಾಲ್ಕು ಕಾಲಿಗೂ ಬಣ್ಣದಲ್ಲಿ ಗುರುತು ಹಾಕಿದ್ದೆ. ಅಳತೆ ನಡೆಯುವಾಗ ಅವಳು ಅಲ್ಲೇ ಕೂರಬೇಕು, ಏಳಬಾರದು. ಹೆಣಿಗೆ ಬೇಡ ಎಂದಿದ್ದೆ, ತೋಳಾಡುತ್ತದೆ. ಪತ್ರಿಕೆ ಓದಬಹುದು, ಆದರೆ ಹಾಳೆ ಮಗುಚುವುದು ಗಂಟೆಗೊಮ್ಮೆ. ನನ್ನ ಊಟದ ತಟ್ಟೆಯನ್ನು ನೆಲಮಾಳಿಗೆಯ ಮೇಲಿನ ಮೆಟ್ಟಿಲಲ್ಲಿ ಇಟ್ಟು ಹಿಂದಕ್ಕೆ ಹೋಗಬೇಕು, ಕೆಳಗೆ ಇಳಿಯಬಾರದು. ಅವಳು ಇದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ಇಷ್ಟು ಶಿಸ್ತಿನ ಸಹಾಯಕರು ನನಗೆ ಯಾವ ಪ್ರಯೋಗಶಾಲೆಯಲ್ಲೂ ಸಿಕ್ಕಿಲ್ಲ.

ತಿಂಗಳ ಕೊನೆಗೆ ತೂಗುತ್ತಿದ್ದೆ. ನೀನು ಕಬ್ಬಿಣ ತೂಗಲೆಂದು ಕಳಿಸಿದ್ದ ಹಲಗೆ ತಕ್ಕಡಿಯಲ್ಲೇ. ಬಹಳ ನಿಖರವಾಗಿದೆ, ನಿನಗೆ ಋಣಿ. ಮೊದಲ ವರ್ಷಗಳಲ್ಲಿ ಅರವತ್ತೆರಡು ಕಿಲೋದ ಆಚೀಚೆ. ಕಳೆದ ವರ್ಷದ ಹಿಂದಿನ ವರ್ಷದಿಂದ ಇಳಿಯತೊಡಗಿತು. ಐವತ್ತೆಂಟು, ಐವತ್ತನಾಲ್ಕು, ನಲವತ್ತೊಂಬತ್ತು, ಹಾಗೆ. ಕೊನೆಯ ಸಲ ನಲವತ್ತೊಂದು. ಇಳಿಕೆ ಏಕಪ್ರಕಾರವಾಗಿದ್ದುದರಿಂದ ನಡುವಿನ ದಿನಗಳ ತೂಕವನ್ನೂ ಗೆರೆ ಎಳೆದು ಕಂಡುಕೊಳ್ಳಲು ಸುಲಭವಾಯಿತು.

ತಕ್ಕಡಿ ಹತ್ತಿದಾಗಲೆಲ್ಲ "ಈ ಸಲ ಎಷ್ಟು ರೀ?" ಎಂದು ಕೇಳುವಳು. ಹೇಳುತ್ತಿದ್ದೆ. "ನಿಮ್ಮ ಲೆಕ್ಕಕ್ಕೆ ಏನೂ ತೊಂದರೆ ಇಲ್ಲ ತಾನೆ?" ಎನ್ನುವಳು. ಇಲ್ಲ, ಸರಿಪಡಿಸಬಹುದು ಎನ್ನುತ್ತಿದ್ದೆ.

ಒಂದೇ ಒಂದು ದಿನದ ಅಳತೆಯನ್ನು ಬಿಡಬೇಕಾಯಿತು. ನೀನು ಬಂದು ಬಾಗಿಲು ಬಡಿದ ದಿನ. ಆ ನಡುಕ ಇಳಿಯಲು ಸಂಜೆಯವರೆಗೆ ಹಿಡಿಯಿತು.

ನೀನು ಯಾಕೆ ಕೇಳಿದೆ?

ಭಾವ


ಏಪ್ರಿಲ್ 12

ಮಹಾನಿಖರ ಭಾವನವರಿಗೆ,

ನಾನು ಯಾಕೆ ಕೇಳಿದೆ?

ಒಂದು ಮನುಷ್ಯಜೀವ ಕಣ್ಣೆದುರಿಗೆ ಮೂರರಲ್ಲಿ ಒಂದು ಪಾಲು ಕರಗಿಹೋಯ್ತು. ನೀವು ಅದನ್ನ ಗ್ರಾಂ ಲೆಕ್ಕದಲ್ಲಿ ನೋಡಿದಿರಿ. ಗೆರೆ ಎಳೆದಿರಿ. ಗೆರೆ ನೆಟ್ಟಗಿದೆ ಅಂತ ಖುಷಿಪಟ್ಟಿರಿ! ಆ ಗೆರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಒಂದು ಸಲ ಮುಂದಕ್ಕೆ ಎಳೆದು ನೋಡಲಿಲ್ಲವಾ? ಶಾಲೆ ಮಕ್ಕಳು ಮಾಡೋ ಲೆಕ್ಕ ಅದು.

ಡಾಕ್ಟರು ನನಗೆ ಏನಂದರು ಗೊತ್ತಾ? 'ಹೊಟ್ಟೆಯೊಳಗಿನ ಗಡ್ಡೆ. ತೂಕ ಇಳಿಯೋಕೆ ಶುರುವಾದಾಗ ಬಂದಿದ್ದರೆ ತೆಗೆದುಬಿಡಬಹುದಿತ್ತು. ಮನೆಯಲ್ಲಿ ಯಾರೂ ತೂಕ ನೋಡಲಿಲ್ಲವೇ?' ಅಂದರು. ನಾನು, 'ಇಲ್ಲ ಸ್ವಾಮಿ, ಮನೆಯಲ್ಲಿ ತಕ್ಕಡಿ ಎಲ್ಲಿರುತ್ತೆ' ಅಂದೆ. ನಾನೇ ಕಳಿಸಿದ ತಕ್ಕಡಿ! ನಲವತ್ತು ವರ್ಷದಲ್ಲಿ ನನ್ನ ಮೇಲೆ ಯಾರೂ ಇಂಥಾ ತಮಾಷೆ ಮಾಡಿರಲಿಲ್ಲ ಭಾವ. ನೀವು ಗೆದ್ದಿರಿ. ಗುರುವನ್ನೇ ಮೀರಿಸಿದಿರಿ.

ಆ ದಿನ ನಾನು ಬಾಗಿಲು ಬಡಿದದ್ದು ನಿಮ್ಮ ಚುಕ್ಕೆ ನಡುಗಿಸೋಕಲ್ಲ. ಅಕ್ಕನನ್ನ ಸೇರಿಸಿದ್ದ ಆಸ್ಪತ್ರೆಯಿಂದ ಓಡಿ ಬಂದಿದ್ದೆ. 'ಬನ್ನಿ, ಕೇಳ್ತಿದ್ದಾಳೆ' ಅಂತ ಕೂಗಿದೆ. ನೀವು ಬಾಗಿಲ ಸಂದಿಯಿಂದ ಒಂದು ಚೀಟಿ ತಳ್ಳಿದಿರಿ: 'ಇನ್ನೆರಡು ದಿನ. ಈಗ ತೆರೆದರೆ ಇಡೀ ವರ್ಷ ಹಾಳು.' ಅವಳಿಗೆ ಎರಡು ದಿನ ಇರಲಿಲ್ಲ. ವಾಪಸ್ ಹೋಗಿ, 'ಬರ್ತಿದ್ದಾರೆ ಅಕ್ಕಾ, ದಾರೀಲಿದ್ದಾರೆ, ನಿನ್ನ ಆಣೆ' ಅಂದೆ. ಅವಳು ನಕ್ಕಳು. ಅವಳಿಗೆ ಗಾದೆ ಗೊತ್ತಲ್ಲ.

ಸರಿ. ಈಗ ನಿಮ್ಮ ಸಂಖ್ಯೆಗೆ ಬರೋಣ.

ನಾನು ಕೆಟ್ಟವನಲ್ಲ. ಪದಕ ತಪ್ಪಿಸೋದಿಲ್ಲ. ಬದಲಿಗೆ ಇನ್ನೂ ಸುಲಭ ಮಾಡಿಕೊಡ್ತೀನಿ. ಎಷ್ಟು ಗ್ರಾಂ ತಪ್ಪಿಸಿದ್ದೆ ಅಂದರೆ ನಿಮಗೆ ಅನುಕೂಲ? ಬೇರೆ ದೇಶದವರೆಲ್ಲ ಅಳೆದಿಟ್ಟ ಉತ್ತರ ನಿಮಗೆ ಗೊತ್ತೇ ಇದೆ. ನಿಮ್ಮ ಉತ್ತರ ಹೋಗಿ ಅದರ ಪಕ್ಕದಲ್ಲಿ ಸರಿಯಾಗಿ ಕೂರಬೇಕಾದರೆ ಎಷ್ಟು ಗ್ರಾಂ ಬೇಕು? ಅದನ್ನ ಬರೆದು ಕಳಿಸಿ. ಅದೇ ಸಂಖ್ಯೆಯನ್ನ ನಾನು ಪರಿಷತ್ತಿಗೆ ಬರೆದು ಸಹಿ ಹಾಕ್ತೀನಿ. ನಾನಾಗಿ ಹೇಳೋದು ಅಂತೂ ಇಲ್ಲ. ನೀವು ಕೇಳಿದ ಸಂಖ್ಯೆ, ಇಲ್ಲ ಅಂದರೆ ಸಂಖ್ಯೆಯೇ ಇಲ್ಲ.

ಏನಿದೆ ಭಾವ, ಸರಿಪಡಿಸಬಹುದು!

ಬಾಗಿಲ ಹೊರಗೆ ನಿಂತಿದ್ದವನು


ಏಪ್ರಿಲ್ 27

ಮೈದುನನಿಗೆ,

ನನಗೆ ತಿಳಿಯಲಿಲ್ಲ.

ಮೇಲಿನ ಸಾಲು ಬರೆದು ಹತ್ತು ದಿನವಾಯಿತು. ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದೆ, ಅವಳನ್ನು ನೋಡಲಿಲ್ಲ ಎಂದು ನೀನು ಹೇಳುತ್ತೀಯೆ. ನಿಜ.

ಆದರೆ ನೀನು ಕೇಳುತ್ತಿರುವುದನ್ನು ನಾನು ಮಾಡಲಾರೆ. ಬೇಕಾದ ಉತ್ತರವನ್ನು ಬರೆದುಕೊಳ್ಳುವುದಾಗಿದ್ದರೆ ಮೊದಲ ದಿನವೇ ಬರೆದುಕೊಳ್ಳಬಹುದಿತ್ತು. ಗುಂಡೂ ಬೇಡ, ನೆಲಮಾಳಿಗೆಯೂ ಬೇಡ. ಅವಳು ಆ ಕುರ್ಚಿಯಲ್ಲಿ ಕೂರುವುದೂ ಬೇಡವಾಗಿತ್ತು. ನಾನು ಈಗ ಸುಳ್ಳು ಬರೆದರೆ ಅವಳು ಅಷ್ಟು ವರ್ಷ ಅಲ್ಲಿ ಕೂತದ್ದು ಯಾತಕ್ಕೆ?

ನನ್ನನ್ನು ಬೇರೆ ಯಾವ ರೀತಿಯಲ್ಲಾದರೂ ಹೊಡೆ. ನಿಜ ಹೇಳು.

ಭಾವ


ಮೇ 6

ಭಾವನವರಿಗೆ,

ಬೇರೆ ರೀತಿ ಗೊತ್ತಿಲ್ಲ. ಚೀಟಿ ಬಾಗಿಲ ಸಂದಿಯಿಂದ ತಳ್ಳಿ.

ಮೈದುನ


ಮೇ 25

ಮಾಮಾ,

ಸೇತುವೆ ಕೆಲಸಕ್ಕೆ ರಜ ಹಾಕಿ ಮನೆಗೆ ಬಂದಿದ್ದೀನಿ. ಪಕ್ಕದ ಮನೆಯವರು ಕರೆಸಿದರು. ಅಪ್ಪ ಮುಂಗೋಣೆಯಲ್ಲಿ ಅಮ್ಮನ ಕುರ್ಚಿ ಮೇಲೆ ಕೂತಿದ್ದಾರೆ. ಏಳೋದಿಲ್ಲ. ಗಂಟೆಗೊಂದು ಸಲ ಪತ್ರಿಕೆ ಹಾಳೆ ಮಗುಚುತ್ತಾರೆ. ಮೊದಲು ನನಗೆ ಅರ್ಥ ಆಗಲಿಲ್ಲ. ಮೇಜಿನ ಮೇಲಿದ್ದ ನಿಮ್ಮ ಕಾಗದಗಳನ್ನ, ಅಪ್ಪ ನಿಮಗೆ ಬರೆದದ್ದರ ಕರಡನ್ನ ಓದಿದ ಮೇಲೆ ಆಯ್ತು.

ನೀವು ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಅಮ್ಮ ಫೋನಿನಲ್ಲಿ 'ಚೆನ್ನಾಗಿದ್ದೀನಿ ಕಣೇ, ಸ್ವಲ್ಪ ಸಣ್ಣ ಆಗಿದ್ದೀನಿ, ಸೀರೆ ಚೆನ್ನಾಗಿ ನಿಲ್ಲುತ್ತೆ' ಅಂತಿದ್ದಳು. ನಾನು ನಕ್ಕು ಫೋನ್ ಇಟ್ಟೆ. ನನಗೂ ಒಂದು ಪಾಲು ಕಳಿಸಿ ಆ ಬೈಗುಳದಲ್ಲಿ.

ಆದರೆ ಇವರನ್ನ ಹೀಗೆ ಚೂರು ಚೂರೇ ಕೊಲ್ಲಬೇಡಿ ಮಾಮಾ. ಒಂದು ಸಂಖ್ಯೆ ತಾನೆ? ನಾನೇ ಕೇಳ್ತಿದ್ದೀನಿ, ಕೊಟ್ಟುಬಿಡಿ.

ನಿಮ್ಮ ಪುಟ್ಟಿ


ಜೂನ್ 2

ಪುಟ್ಟೀ,

ನಿನಗೆ ಬೈಗುಳದಲ್ಲಿ ಪಾಲಿಲ್ಲ. ಅದು ಪೂರ್ತಿ ನಿಮ್ಮಪ್ಪನ ಸ್ವಯಾರ್ಜಿತ ಆಸ್ತಿ.

ಕುರ್ಚಿ ಮೇಲೆ ಕೂತಿದ್ದಾರಾ? ಕೂರಲಿ. ಇನ್ನೂ ಹನ್ನೊಂದು ವರ್ಷ ಇದೆ.

ಅವರೇ ಕೇಳಲಿ. ಅವರ ಕೈಬರಹದಲ್ಲೇ ಬರಲಿ.

ಮಾಮ


ಜೂನ್ 9

ಮೈದುನನಿಗೆ,

ಮೂವತ್ತೊಂದು ಗ್ರಾಂ. ನೀನು ಹೇಳಿದ ತೂಕಕ್ಕಿಂತ ನಿಜವಾದ ತೂಕ ಮೂವತ್ತೊಂದು ಗ್ರಾಂ ಕಡಿಮೆಯಿದ್ದರೆ ನನ್ನ ಉತ್ತರ ಉಳಿದವರ ಉತ್ತರದ ಪಕ್ಕದಲ್ಲಿ ಕೂರುತ್ತದೆ.

ಅದನ್ನೇ ಬರೆ.

ಭಾವ


ಜೂನ್ 14

ಗೌರವಾನ್ವಿತ ಪದಕಧಾರಿ ಭಾವನವರಿಗೆ,

ಬರೆದೆ. 'ಈ ಮೂಲಕ ದೃಢೀಕರಿಸುವುದೇನೆಂದರೆ, ನಾನು ಮರೆಮಾಚಿದ ತೂಕ ಮೂವತ್ತೊಂದು ಗ್ರಾಂ, ಹೇಳಿದ್ದಕ್ಕಿಂತ ಕಡಿಮೆ.' ಕೆಳಗೆ ಉದ್ದಕ್ಕೆ ಸಹಿ. ಸಹಿ ಮಾಡಿದೆ, ಸಿಹಿ ಹಂಚಿ. ಪರಿಷತ್ತಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಹೋಯ್ತು.

ಈಗ ನಿಮ್ಮ ಮನಸ್ಸಿಗೆ ಒಂದು ಪ್ರಶ್ನೆ ಬಂದಿರುತ್ತೆ. ನಿಜವಾದ ಸಂಖ್ಯೆ ಯಾವುದು? ಅದೇನಾ, ಬೇರೇನಾ? ಹನ್ನೊಂದು ವರ್ಷ ನಾನು ಅಳೆದದ್ದು ಸರಿಯಾ, ಸುಳ್ಳಾ?

ಅದನ್ನ ನಾನು ಹೇಳೋದಿಲ್ಲ. ಪದಕ ಕೊರಳಿಗೆ ಬೀಳುವಾಗ ನೆನಪಿಸಿಕೊಳ್ಳಿ. ಕನ್ನಡಿ ಮುಂದೆ ನಿಂತಾಗ ನೆನಪಿಸಿಕೊಳ್ಳಿ. ನಲ್ಲಿ ತಿರುಗಿಸಿದಾಗಲೂ ನೆನಪಿಸಿಕೊಳ್ಳಿ. ನೀವು ಸಾಯೋತನಕ ಈ ಬಾಗಿಲು ತೆಗೆಯೋದಿಲ್ಲ. ಎಷ್ಟು ಬೇಕಾದರೂ ಬಡೀರಿ.

ಒಳಗೆ ಕೂತಿರುವವನು


ಜುಲೈ 8

ಮಾಮಾ,

ಸಭೆ ಆಯ್ತು. ನಾನು ಜೊತೆಗೆ ಹೋಗಿದ್ದೆ. ಪದಕ ಹಾಕಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. 'ಪ್ರಪಂಚದ ಎಲ್ಲ ಅಳತೆಗಳಿಗೂ ಇಷ್ಟು ಹತ್ತಿರ ಬಂದ ಉತ್ತರ ಈ ನೆಲದಲ್ಲಿ ಹುಟ್ಟಿರಲಿಲ್ಲ' ಅಂದರು ಅಧ್ಯಕ್ಷರು. ಅಪ್ಪನನ್ನ ಮಾತಾಡೋಕೆ ಕರೆದರು. ಮೈಕಿನ ಮುಂದೆ ನಿಂತು, "ನನ್ನ ಮೈದುನ ಇಲ್ಲಿದ್ದಾನೆಯೇ?" ಅಂದರು. ಯಾರೋ ಇಲ್ಲ ಅಂದರು. ಇಳಿದು ಬಂದರು. ಜನ ಅದನ್ನ ವಿನಯ ಅಂದುಕೊಂಡು ಇನ್ನೂ ಜೋರಾಗಿ ತಟ್ಟಿದರು.

ಮನೆಗೆ ಬಂದ ಮೇಲೆ ಪದಕವನ್ನ ತಕ್ಕಡಿ ಮೇಲಿಟ್ಟು ತೂಗಿದರು. ಆಮೇಲೆ ನನ್ನನ್ನ ನಿಲ್ಲಿಸಿ ತೂಗಿದರು. ಈಗ ದಿನಾ ತೂಗ್ತಾರೆ. ನಿನ್ನೆ ಅರ್ಧ ಕಿಲೋ ಕಮ್ಮಿ ಬಂತು. "ಯಾಕೆ? ಯಾಕೆ? ಏನಾಗಿದೆ ನಿನಗೆ?" ಅಂತ ಭುಜ ಹಿಡಿದು ಅಲ್ಲಾಡಿಸಿದರು. "ಚಪ್ಪಲಿ ಬಿಟ್ಟು ಹತ್ತಿದ್ದೀನಿ ಅಪ್ಪಾ" ಅಂದೆ. ನಂಬಲಿಲ್ಲ. ಡಾಕ್ಟರ ಹತ್ತಿರ ಕರಕೊಂಡು ಹೋದರು.

ಎಲ್ಲಾದಕ್ಕೂ ಒಂದೇ ಪ್ರಶ್ನೆ. ಊಟಕ್ಕೆ ಕರೆದರೆ, "ಅವನು ಏನಾದರೂ ಹೇಳಿದನಾ?" ಅಂತಾರೆ. ಸ್ನಾನಕ್ಕೆ ಕರೆದರೆ ಅದೇ. ಪರಿಷತ್ತಿಗೆ 'ನನ್ನ ಉತ್ತರ ಸುಳ್ಳಿರಬಹುದು, ಪ್ರಬಂಧ ವಾಪಸ್ ಕೊಡಿ' ಅಂತ ಒಂದು ಕಾಗದ ಬರೆದು ಮಡಿಸಿ ಇಟ್ಟಿದ್ದಾರೆ. ಇನ್ನೂ ಅಂಚೆಗೆ ಹಾಕಿಲ್ಲ. ನಿಮ್ಮ ಮಾತಿಗೆ ಕಾಯ್ತಿದ್ದಾರೆ.

ಅಮ್ಮ ಇದ್ದಿದ್ದರೆ ನಿಮ್ಮ ಕಿವಿ ಹಿಂಡುತ್ತಿದ್ದಳು. ಸಾಕು ಮಾಮಾ. ನಗು ಯಾವಾಗಲೋ ಮುಗೀತು.

ಪುಟ್ಟಿ


ಜುಲೈ 15

ಮಗಳೇ,

ನಿನ್ನ ಕಾಗದ ಓದಿ ನಿಮ್ಮಮ್ಮನ ಕೈ ನನ್ನ ಕಿವಿ ಮೇಲೆ ಬಂದ ಹಾಗಾಯ್ತು. ಹೇಳ್ತೀನಿ. ಸುತ್ತಿ ಬಳಸದೆ ಹೇಳ್ತೀನಿ, ಅಭ್ಯಾಸ ಇಲ್ಲ, ತಡವರಿಸಿದರೆ ಸಹಿಸಿಕೋ.

ಗುಂಡು ತೂಗಿದ ದಿನ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮಮ್ಮ ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲೀತಾ ಇದ್ದಳು. "ಅಕ್ಕಾ, ಒಂದು ಸಂಖ್ಯೆ ಹೇಳೇ" ಅಂದೆ. "ಯಾತಕ್ಕೋ?" "ನಿನ್ನ ಗಂಡನ ಕಣ್ಣಿಗೆ ಪಟ್ಟಿ ಕಟ್ಟೋಕೆ." "ಅವರಿಗೆ ಇನ್ನೊಂದು ಪಟ್ಟಿ ಬೇರೆ ಬೇಕಾ?" ಅಂತ ನಕ್ಕು, ಕೈಯಲ್ಲಿದ್ದ ಕಾಳನ್ನ ಎಣಿಸಿದಳು. ಒಂದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನ ಹೇಳಿದಳು.

ಮೂವತ್ತೊಂದು.

ಮೂವತ್ತೊಂದು ಗ್ರಾಂ ಜಾಸ್ತಿ ಸೇರಿಸಿ ನಿಮ್ಮಪ್ಪನಿಗೆ ಹೇಳಿದೆ. ಅಂದರೆ ನಿಜ ತೂಕ ಮೂವತ್ತೊಂದು ಕಡಿಮೆ. ಅವರು ಬರೆದು ಕಳಿಸಿದರಲ್ಲ, ಅದೇ. ಕೂದಲೆಳೆ ಆಚೆ ಈಚೆ ಇಲ್ಲ.

ಹನ್ನೊಂದು ವರ್ಷ ನಿಮ್ಮಮ್ಮನಿಗೂ ಅದು ಗೊತ್ತಿತ್ತು. ಅವರು ಕೆಳಗೆ ಕತ್ತಲಲ್ಲಿ ಹುಡುಕ್ತಾ ಇದ್ದರೆ, ಅವಳು ಮೇಲೆ ಕುರ್ಚಿಯಲ್ಲಿ ಆ ಸಂಖ್ಯೆ ಮಡಿಲಲ್ಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದಳು. ಒಂದು ದಿನ ಬಾಯಿ ಬಿಡಲಿಲ್ಲ. ನಾನು ಚುಡಾಯಿಸಿದರೆ, "ಅವರು ಸರಿಯಾಗೇ ಕಂಡುಹಿಡೀತಾರೆ ಕಣೋ, ನೀನು ನೋಡ್ತಾ ಇರು" ಅನ್ನೋಳು.

ಕಂಡುಹಿಡಿದಿದ್ದರು ಮಗಳೇ. ಅವರು ತಮಗೆ ಬೇಕಾದ ಸಂಖ್ಯೆ ಬರೀತಾರೆ, ಅದು ನಿಜದ ಸಂಖ್ಯೆಗಿಂತ ಬೇರೆಯಾಗಿರುತ್ತೆ, ಅವರನ್ನ ಕಳ್ಳ ಅಂತ ಹಿಡಿದು ಅಣಕಿಸಬಹುದು ಅಂತ ನಾನು ಬಲೆ ಬೀಸಿ ಕೂತಿದ್ದೆ. ಲಕೋಟೆ ಒಡೆದೆ. ಮೂವತ್ತೊಂದು. ಆ ಪಾಪಿ ಸರಿಯಾಗೇ ಅಳೆದಿದ್ದ. ಅಕ್ಕನ ಜೀವ ತಿಂದು ಅಳೆದ ಅಳತೆ, ಒಂದು ಗ್ರಾಂ ತಪ್ಪಿಲ್ಲ. ಅವಳು ಕೂತದ್ದು ವ್ಯರ್ಥ ಆಗಲಿಲ್ಲ. ನನಗೆ ಅದನ್ನ ಸಹಿಸೋಕೆ ಆಗಲಿಲ್ಲ. ಅದಕ್ಕೇ ಆ ಕೊನೇ ಕಾಗದ ಬರೆದೆ.

ಹೋಗಿ ಅವರಿಗೆ ಹೇಳು. ಪರಿಷತ್ತಿಗೆ ಬರೆದಿಟ್ಟ ಆ ಕಾಗದ ಹರಿದು ಬಿಸಾಕು. ಅವರ ಉತ್ತರ ನಿಜ. ಮೊದಲಿಂದಲೂ ನಿಜ.

ಅಕ್ಕನ ಆಣೆ.

ನಿನ್ನ ಮಾಮ


ಜುಲೈ 24

ಮಾಮಾ,

ನಿಮ್ಮ ಕಾಗದ ಅಪ್ಪನಿಗೆ ಓದಿ ಹೇಳಿದೆ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ನಿಧಾನವಾಗಿ, ಒಂದು ಸಾಲೂ ಬಿಡದೆ.

ಬಟಾಣಿ ಕಥೆ ಬಂದಾಗ ಅಪ್ಪ ಮೊದಲ ಸಲ ತಲೆ ಎತ್ತಿದರು. "ಅವಳಿಗೆ ಗೊತ್ತಿತ್ತಾ?" ಅಂದರು. ಹೂಂ ಅಂದೆ. "ಮೇಲೆ ಕೂತು? ಅಷ್ಟು ವರ್ಷ?" ಅಂದರು. ಹೂಂ ಅಂದೆ. ಅವರ ಮುಖ ಹೇಗಾಯ್ತು ಅಂದರೆ, ಇಷ್ಟು ವಯಸ್ಸಿಗೆ ನಾನು ಆ ಮುಖ ನೋಡಿರಲಿಲ್ಲ. ಎದ್ದುಬಿಡ್ತಾರೆ ಅಂದುಕೊಂಡೆ. ಕುರ್ಚಿ ತೋಳು ಹಿಡಿದು ಅರ್ಧ ಎದ್ದೂ ಇದ್ದರು.

ನಾನು ಖುಷಿಯಲ್ಲಿ ಕೊನೇ ಸಾಲನ್ನೂ ಓದಿಬಿಟ್ಟೆ.

ಅಪ್ಪ ಕುರ್ಚಿ ತೋಳು ಬಿಟ್ಟರು. ಆಮೇಲೆ ಕೂತರು. ನಕ್ಕರು ಮಾಮಾ. ನಿಮ್ಮ ತಮಾಷೆಗೆ ಅಪ್ಪ ನಕ್ಕದ್ದು ಇದೇ ಮೊದಲು.

"ಅಕ್ಕನ ಆಣೆ ಅಂದನಾ?" ಅಂದರು. "ಹಾಗಾದರೆ ಸುಳ್ಳು."

ಪರಿಷತ್ತಿನ ಕಾಗದವನ್ನ ಅವರೇ ನಡೆದು ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದರು.

ಪುಟ್ಟಿ